ಠ ಇಲ್ಲದ ಊರಿಗೆ ಬಂದ ರೇಡಿಯೋ

ಐವತ್ತೈದನೇ ಇಸವಿ ಜುಲೈ ನಾಲ್ಕು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾಲಹರವಿ ಕಡೆಯಿಂದ ಬಂದ ಎತ್ತಿನ ಬಂಡಿಯೊಂದು ನಮ್ಮ ಶಾಲೆಯ ಮುಂದೆ ನಿಂತಿತು. ಬಂಡಿಯಲ್ಲಿ ಜೋಳದ ಸೊಪ್ಪೆಯ ಮೇಲೆ ಮಲಗಿಸಿದ್ದ ಮರದ ಪೆಟ್ಟಿಗೆಯೊಳಗೆ ಒಂದು ರೇಡಿಯೋ ಇತ್ತು. "ನಮ್ಮ ಊರಿನ ವಿದ್ಯಾಭ್ಯಾಸದಲ್ಲಿ ಹೊಸ ಯುಗ ಆರಂಭವಾಯಿತು" ಎಂದು ಆ ದಿನದ ದಿನಚರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಗೆರೆಗಳನ್ನು ಇಂದಿಗೂ ಅಳಿಸಿಲ್ಲ. ಅಳಿಸುವುದೂ ಇಲ್ಲ!

ರೇಡಿಯೋ ತಾನಾಗಿ ಬಂದದ್ದಲ್ಲ. ನಾನು ಬರೆದ ಮೂರು ಅರ್ಜಿಗಳ ಫಲ ಅದು. ಆ ವರ್ಷ ಐದನೇ ತರಗತಿಯ ಕನ್ನಡ ಭೂಗೋಳದ ಪುಸ್ತಕ ನಮ್ಮ ಕಡೆಗೆ ಬಂದೇ ಇರಲಿಲ್ಲ. ತಾಲೂಕು ಆಂಧ್ರಕ್ಕೆ ಸೇರಿ ಎರಡು ವರ್ಷವಾಗಿತ್ತು. ತೆಲುಗು ಪುಸ್ತಕ ಬಂದಿತ್ತು, ಕನ್ನಡದ್ದು ದಾರಿಯಲ್ಲೆಲ್ಲೋ ಇತ್ತು. ಇಪ್ಪತ್ತೆರಡು ಮಕ್ಕಳು, ಒಂದೂ ಪುಸ್ತಕವಿಲ್ಲ. ಆದರೆ ಪ್ರತಿ ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಎರಡೂವರೆಗೆ ಕನ್ನಡ ಸ್ಟೇಷನ್ನಿನಿಂದ ಅರ್ಧ ಗಂಟೆ ಶಾಲಾ ಮಕ್ಕಳಿಗೆ ಭೂಗೋಳದ ಪಾಠ ಬರುತ್ತಿತ್ತು. ಪುಸ್ತಕ ರಸ್ತೆಯಲ್ಲಿ ಬಾರದಿದ್ದರೆ ಆಕಾಶದಲ್ಲಿ ಬರಲಿ! ಇದು ನನ್ನ ವಾದ. ಇಪ್ಪತ್ತೊಂದು ವರ್ಷದವಳ ವಾದವಾದ್ದರಿಂದ ಅದರಲ್ಲಿ ತಪ್ಪೇ ಇರಲಿಲ್ಲ.

ಜೊತೆಗೆ ಬಂದ ಕಾಗದದಲ್ಲಿ ಒಂದು ಷರತ್ತು ಇತ್ತು. ರೇಡಿಯೋ ಒಂದು ತಿಂಗಳ ಪರೀಕ್ಷೆಗೆ ಮಾತ್ರ. ತಿಂಗಳ ಕೊನೆಗೆ ಶಾಲಾ ಇನ್ಸ್‌ಪೆಕ್ಟರರು ಬಂದು, ಮಕ್ಕಳನ್ನೂ ಊರಿನವರನ್ನೂ ಕೂಡಿಸಿ ನಡೆಸುವ ರೇಡಿಯೋ ಪಾಠವನ್ನು ನೋಡುತ್ತಾರೆ. ಉಪಯೋಗವಿದೆ ಎನಿಸಿದರೆ ಯಂತ್ರ ಇಲ್ಲೇ ಉಳಿಯುತ್ತದೆ. ಇಲ್ಲವಾದರೆ ಬೇರೆ ಶಾಲೆಗೆ ಹೋಗುತ್ತದೆ.

ನಮ್ಮ ಹೆಡ್‌ಮಾಸ್ತರ ಶೇಷಪ್ಪನವರು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಏನ್ರೀ ಟೀಚರಮ್ಮ, ಈ ಡಬ್ಬೀನ ಪಾಠ ಹೇಳತೈತಿ ಅಂದ್ರ ನೀವೇನ್ ಮಾಡ್ತೀರಿ? ಅದರ ಕಿವಿ ಹಿಂಡ್ಕೋತ ಕುಂದರ್ತೀರೇನು?"

"ಹೌದ್ರಿ ಸರ. ಹುಡುಗರ ಕಿವಿ ಹಿಂಡೋದಕ್ಕಿಂತ ಅದು ಚೊಲೋ ಅಲ್ರಿ?"

ಈ ಉತ್ತರಕ್ಕೆ ನನಗೆ ಎರಡು ದಿನ ಬೀರುವಿನ ಕೀಲಿಕೈ ಸಿಗಲಿಲ್ಲ.

ಬುಧವಾರ ನಾನೇ ಏಣಿ ಹಾಕಿ, ಸೆರಗು ಬಿಗಿದು, ಶಾಲೆಯ ಮಾಳಿಗೆಯಿಂದ ಎದುರಿನ ಬೇವಿನ ಮರಕ್ಕೆ ಏರಿಯಲ್ ತಂತಿ ಕಟ್ಟಿದೆ. ನಾನು ಏಣಿ ಹತ್ತುವಾಗ ನಿಂತು ನೋಡಿದವರು ಹದಿನೇಳು ಮಂದಿ. ಇಳಿಯುವಾಗ ಏಣಿ ಜಾರಿದ್ದರಿಂದ, ನೋಡಿದವರು ಮೂವತ್ತಕ್ಕೆ ಏರಿದರು.

ಜುಲೈ ಏಳು, ಗುರುವಾರ. ಮೊದಲನೇ ಪಾಠ. ಇಪ್ಪತ್ತೆರಡು ಮಕ್ಕಳು ಕೈ ಕಟ್ಟಿ ಕುಳಿತಿದ್ದರು. ಸರಿಯಾಗಿ ಎರಡೂವರೆಗೆ ನಾನು ಗುಂಡಿ ತಿರುಗಿಸಿದೆ. ರೇಡಿಯೋ "ಗೊರ್" ಎಂದಿತು. ಇನ್ನಷ್ಟು ತಿರುಗಿಸಿದೆ. "ಗೊರ್ರ್" ಎಂದಿತು. ಹೊರಗೆ ಬಂದು ನೋಡಿದರೆ ತಂತಿ ಕಾಣಿಸಲಿಲ್ಲ. ಅದರ ಮೇಲೆ ಹದಿನಾರು ಮೊಳದ ಹಸಿ ಸೀರೆ, ಎರಡು ಲಂಗ, ಒಂದು ಕೌದಿ! ಅಷ್ಟು ಭಾರಕ್ಕೆ ತಂತಿ ಮಾಳಿಗೆಯ ಕಡೆ ಕಿತ್ತು ನೆಲಕ್ಕೆ ಬಿದ್ದಿತ್ತು. ಊರಿನವರ ಅಜ್ಞಾನದ ಮೇಲೆ ನನಗೆ ಕೆಂಡದಂಥ ಕೋಪ ಬಂತು. ಹತ್ತಿರ ಹೋಗಿ ನೋಡಿದರೆ ಸೀರೆ ನಮ್ಮ ಮನೆಯದು!

ನಮ್ಮ ಅವ್ವ ನನ್ನ ಜೊತೆಗೇ ಶಾಲೆಯ ಪಕ್ಕದ ಬಾಡಿಗೆ ಮನೆಯಲ್ಲಿದ್ದಳು.

"ಇಷ್ಟುದ್ದ ತಂತಿ ಬಿಸಲಾಗ ಸುಮ್ನ ಇತ್ತು, ಹಾಕೀನಿ" ಎಂದಳು. "ನಿನ್ನ ರೇಡಿಯೋ ಒಳಗೈತಿ. ಹೊರಗಿನ ತಂತಿ ಅದಕ್ಯಾಕ ಬೇಕು?"

"ಅವ್ವ, ಆ ತಂತಿ ಮ್ಯಾಲಿಂದನ ದನಿ ಬರತೈತಿ!"

"ಬರಲಿ ಬಿಡು. ಸೀರಿ ಏನು ಅಡ್ಡ ಬಂತು? ತೆಳ್ಳಗಿನ ಸೀರೀನ ಐತಿ."

ಜುಲೈ ಹನ್ನೆರಡು, ಎರಡನೇ ಪಾಠ. ಈ ಸಲ ಮೇಷ್ಟರೊಬ್ಬರ ದನಿ ಬಂತು, ಆದರೆ ಬಾವಿಯ ತಳದಿಂದ ಬಂದಂತೆ ಬಂತು. ಯಂತ್ರದ ಪುಸ್ತಿಕೆ ತೆಗೆದು ಓದಿದೆ. ಯಂತ್ರದಿಂದ ನೆಲಕ್ಕಿಳಿಸಿ ಹೂತ ಇನ್ನೊಂದು ತಂತಿಯ ಬುಡ ಸದಾ ಒದ್ದೆಯಾಗಿರಬೇಕಂತೆ. ನಾನು ಶಿಸ್ತಿನವಳು. ತಕ್ಷಣ ಒಂದು ಪಟ್ಟಿ ಮಾಡಿದೆ: ಪ್ರತಿ ಮಗುವೂ ಬೆಳಿಗ್ಗೆ ಒಂದು ಚೊಂಬು, ಮಧ್ಯಾಹ್ನ ಒಂದು ಚೊಂಬು ಅಲ್ಲಿಗೆ ಸುರಿಯಬೇಕು. ಒಟ್ಟು ದಿನಕ್ಕೆ ನಲವತ್ತನಾಲ್ಕು ಚೊಂಬು ನೀರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಂತಿ ಹೂತ ಜಾಗ ಹೆಡ್‌ಮಾಸ್ತರರ ಕೋಣೆಯ ಗೋಡೆಯ ಬುಡ ಎಂಬುದೊಂದೇ ಲೆಕ್ಕಕ್ಕೆ ಬಂದಿರಲಿಲ್ಲ.

ಎರಡನೇ ದಿನ ಕೋಣೆಯ ಮಣ್ಣಿನ ನೆಲ ಮೆತ್ತಗಾಯಿತು. ಊಟದ ನಂತರ ಶೇಷಪ್ಪನವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಾಗ ಕುರ್ಚಿಯ ಹಿಂಗಾಲುಗಳು ನಾಲ್ಕು ಬೆರಳು ನೆಲಕ್ಕೆ ಇಳಿದವು. ಅವರ ಎರಡೂ ಪಾದಗಳು ಮೇಜಿಗಿಂತ ಎತ್ತರಕ್ಕೆ ಬಂದವು.

"ಟೀಚರಮ್ಮ!" ಎಂದು ಒಳಗಿನಿಂದ ಕೂಗು ಕೇಳಿಸಿತು. "ನಾ ಇಲ್ಲೇ ಐಕ್ಯ ಆಗಲೇನ್ರೀ?"

ಮರುದಿನದಿಂದ ದಿನಕ್ಕೆ ಎರಡೇ ಚೊಂಬು.

ಆದರೂ ಮೂರನೇ ಪಾಠ ಗಂಟೆ ಬಾರಿಸಿದಂತೆ ಸ್ಪಷ್ಟವಾಗಿ ಕೇಳಿಸಿತು! ಗಂಭೀರವಾದ ಗಂಡಸಿನ ದನಿ. "ಶೇಂಗಾ... ಹತ್ತಿ... ಕುಸುಬೆ..." ಎಂದು ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ ಹೇಳುತ್ತಿತ್ತು. ವಾಣಿಜ್ಯ ಭೂಗೋಳ! ನಾನು ಮಕ್ಕಳಿಗೆ ಎಲ್ಲವನ್ನೂ ಬರೆದುಕೊಳ್ಳಿರೆಂದೆ, ಬಾಯಿಪಾಠ ಮಾಡಿಸಿದೆ. ಸಂಜೆ ಊರಿನ ಶೇಂಗಾ ವ್ಯಾಪಾರಿ ಚಿನ್ನಪ್ಪ ರೆಡ್ಡಿ ಮನೆ ಬಾಗಿಲಿಗೆ ಬಂದು ಕೈ ಮುಗಿದು ನಿಂತ.

"ಅಮ್ಮಾ, ನಮ್ಮ ಪಿಲ್ಲ ಬುಕ್ಕಿನ್ಯಾಗ ಆದೋನಿ ಮಾರ್ಕೆಟ್ಟಿನ ಇವತ್ತಿನ ರೇಟು ಬರಕೊಂಡು ಬಂದಾಳ. ಕರೆಕ್ಟೇನ್ರಿ? ದಿನಾ ಇದೇ ಪಾಠ ಹೇಳ್ತೀರೇನ್ರಿ?"

ರೇಡಿಯೋದ ಮುಳ್ಳು ಒಂದು ಕೂದಲೆಳೆಯಷ್ಟು ಆಚೆ ಹೋಗಿ ಬೇರೆ ಸ್ಟೇಷನ್ನಿನಲ್ಲಿ ನಿಂತಿತ್ತು. ಅದನ್ನು ನಾನು ಅವನಿಗೆ ಹೇಳಲಿಲ್ಲ. "ವಾರಕ್ಕೆ ಒಮ್ಮೆ" ಎಂದೆ. ರೆಡ್ಡಿ ಹೋಗುವಾಗ ಶಾಲೆಯ ಕಿಟಕಿಯೊಳಗೆ ರೇಡಿಯೋವನ್ನು ಒಂದು ಸಲ ನೋಡಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಹಾಗೆ ನೋಡುತ್ತಾರೆ.

ಜುಲೈ ಹತ್ತೊಂಬತ್ತರಂದು ಕೊನೆಗೂ ನಿಜವಾದ ಪಾಠ ಪೂರ್ತಿ ಬಂತು. ವಿಷಯ ಸಮುದ್ರ.

"ಮಕ್ಕಳೇ, ನೀವು ಎಂದಾದರೂ ಸಮುದ್ರವನ್ನು ನೋಡಿದ್ದೀರಾ?" ಎಂದಿತು ರೇಡಿಯೋ.

"ಇಲ್ರೀ ಸರ!" ಎಂದು ಇಪ್ಪತ್ತೆರಡು ಕಂಠಗಳು ಕೂಗಿದವು. ಆ ಕೂಗಿನಲ್ಲಿ ಮುಂದಿನ ಎರಡು ವಾಕ್ಯ ಮುಳುಗಿದವು. ರೇಡಿಯೋ ಸರ್ ಕೇಳಿದ ಪ್ರಶ್ನೆಗಳು ಒಂಬತ್ತು. ಒಂಬತ್ತಕ್ಕೂ ಉತ್ತರ ಕೊಡಲಾಯಿತು. ಒಂದಕ್ಕೆ ಗೋವಿಂದ ಎದ್ದು ನಿಂತು ತನ್ನ ಹೆಸರನ್ನೂ ಹೇಳಿದ. ಮೂಲೆಯಲ್ಲಿ ಈರಣ್ಣನೆಂಬವನು ಕಿರುಬೆರಳು ಎತ್ತಿ ರೇಡಿಯೋವನ್ನೇ ನೋಡುತ್ತ ಬಹಳ ಹೊತ್ತಿನಿಂದ ನಿಂತಿದ್ದ. ನಾನು ಗಮನಿಸುವ ಹೊತ್ತಿಗೆ ತಡವಾಗಿತ್ತು.

"ನನ್ನ ಕೇಳಬಾರದಿತ್ತೇನೋ?" ಎಂದೆ.

"ಪಾಠ ಹೇಳೋ ಸರನ ಕೇಳೀನ್ರಿ" ಎಂದ ಈರಣ್ಣ, ಅಳುತ್ತ. "ಅವರು ಏನೂ ಅನ್ಲಿಲ್ರಿ."

ನೆಲದ ತಂತಿಗೆ ಬೀಳಬೇಕಾಗಿದ್ದ ಚೊಂಬು ನೀರು ತರಗತಿಯೊಳಗೇ ಬಿದ್ದಿತ್ತು!

ನಗುವವರು ನಗಲಿ. ಆ ದಿನ ಶಾಲೆ ಬಿಟ್ಟ ಮೇಲೆ ನಾಗಮ್ಮ ಎಂಬ ಹುಡುಗಿ ಹಿಂದೆ ಉಳಿದಳು. ಅವಳ ತಂದೆ ಕುರಿ ಸಾಕುವವನು. "ಟೀಚರಮ್ಮ, ಸಮುದ್ರದ ನೀರು ದಿನಾ ಎರಡು ಸಲ ದಂಡಿಗೆ ಬಂದು ತಿರುಗಿ ಹೋಗತೈತಂತ. ಹಂಗಾರ ಅದನ್ನ ಯಾರು ಕಾಯ್ತಾರ್ರಿ?" ಎಂದು ಕೇಳಿದಳು. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಊರಿನಲ್ಲಿ ಇಂಥ ಪ್ರಶ್ನೆ ಯಾವ ಬೆತ್ತದಿಂದಲೂ ಹುಟ್ಟುವುದಿಲ್ಲ. ಇದನ್ನು ನಾನು ಶೇಷಪ್ಪನವರ ಮುಂದೆಯೇ ಹೇಳಿದೆ. ಅವರು ತಮ್ಮ ಕುರ್ಚಿಯ ಕಾಲು ನೋಡಿಕೊಂಡರು.

ಜುಲೈ ಇಪ್ಪತ್ತಾರರವರೆಗಿನ ಲೆಕ್ಕದ ತಖ್ತೆ: ಒಟ್ಟು ಪಾಠ ಆರು. ಪೂರ್ತಿ ಕೇಳಿಸಿದ್ದು ಎರಡು, ಅರ್ಧ ಕೇಳಿಸಿದ್ದು ಒಂದು, ಬಾವಿಯ ತಳದ್ದು ಒಂದು, ಶೇಂಗಾ ಒಂದು, ಸೀರೆ ಒಂದು. ಇನ್ಸ್‌ಪೆಕ್ಟರರು ಬರುವುದು ಇಪ್ಪತ್ತೆಂಟಕ್ಕೆ. ಅಂದಿನ ಏಳನೇ ಪಾಠದ ಮೇಲೆ ಎಲ್ಲವೂ ನಿಂತಿತ್ತು. ರೇಡಿಯೋ ಹೋದರೆ ಸಮುದ್ರವೂ ಹೋದಂತೆ.

ಊರಿನವರನ್ನು ಕೂಡಿಸುವುದು ಕಷ್ಟವೇನಲ್ಲ. ಹಿಂದಿನ ದಿನ ಡಂಗುರ ಸಾರುವ ಉರುಕುಂದಪ್ಪನನ್ನು ಕರೆದು ಹೇಳಿದೆ: "ನಾಳೆ ಎರಡೂವರಿಗೆ ಸಾಲ್ಯಾಗ ರೇಡಿಯೋ ಪಾಠ. ಎಲ್ಲಾರೂ ಬರಬೇಕು. ಇಷ್ಟ ಹೇಳು. ಹೆಚ್ಚು ಕಡಿಮಿ ಬ್ಯಾಡ."

"ಒಂದಕ್ಷರ ಆಚೀಚಿ ಆಗಂಗಿಲ್ರಿ ಟೀಚರಮ್ಮ" ಎಂದ ಉರುಕುಂದಪ್ಪ.

ಮಾತು ಉಳಿಸಿಕೊಂಡ. ಆಚೀಚೆಯಾದದ್ದು ಅರ್ಧ ಅಕ್ಷರ ಮಾತ್ರ!

ಇಲ್ಲಿ ನಮ್ಮ ಊರಿನ ಭಾಷಾಸ್ಥಿತಿಯನ್ನು ತಿಳಿಸಬೇಕು. ನಮ್ಮಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ಯಾವುದನ್ನು ಆಡಿದರೂ ಠ ಎಂಬ ಅಕ್ಷರ ಯಾರ ಬಾಯಲ್ಲೂ ಇಲ್ಲ. ಅದು ಶಾಲೆಯ ಹಲಗೆಯ ಮೇಲೆ ಮಾತ್ರ ವಾಸಿಸುತ್ತದೆ. ಪಾಠವನ್ನು ಎಲ್ಲರೂ 'ಪಾಟ' ಎನ್ನುತ್ತಾರೆ. ತೆಲುಗಿನಲ್ಲಿ ಪಾಟ ಎಂದರೆ ಹಾಡು. ಅಷ್ಟಕ್ಕೇ ನಿಂತಿದ್ದರೆ ನಾನು ಬದುಕುತ್ತಿದ್ದೆ. ಪಾಟ ಎಂದರೆ ಹರಾಜೂ ಹೌದು! ಕೆರೆಯಂಗಳದ ಹುಲ್ಲು, ಹುಣಸೆಮರದ ಫಸಲು ಎಲ್ಲವೂ ವರ್ಷಾ ವರ್ಷಾ ಪಾಟಕ್ಕೆ ಬರುತ್ತಿದ್ದವು. ಆ ಪಾಟ ನಡೆಯುತ್ತಿದ್ದದ್ದು ನಮ್ಮ ಶಾಲೆಯ ಅಂಗಳದಲ್ಲೇ. ಸಾರುತ್ತಿದ್ದವನು ಇದೇ ಉರುಕುಂದಪ್ಪನೇ.

"ನಾಳೆ ಎರಡೂವರಿಗೆ ಸಾಲ್ಯಾಗ ರೇಡಿಯೋ ಪಾಟಾ! ಎಲ್ಲಾರೂ ಬರಬೇಕೋ!" ಎಂದು ಅವನು ಓಣಿ ಓಣಿಯಲ್ಲಿ ಡಂಗುರ ಹೊಡೆದದ್ದನ್ನು ನಾನು ಮನೆಯಲ್ಲಿ ಕುಳಿತು ಕೇಳಿದೆ. ಸಂತೋಷವೂ ಪಟ್ಟೆ. ಕೇಳಿದ್ದು ನನ್ನ ಕಿವಿ, ಠ ಸೇರಿಸಿದ್ದು ನನ್ನ ತಲೆ.

ಇಪ್ಪತ್ತೆಂಟರ ಮಧ್ಯಾಹ್ನ ನಾನು ಇನ್ಸ್‌ಪೆಕ್ಟರರನ್ನು ಕರೆತರಲು ಬಸ್ಸು ನಿಲ್ಲುವ ಕೂಡುರಸ್ತೆಗೆ ಹೋದೆ. ತೆಲುಗಿನವರು, ಸೌಮ್ಯ ಮನುಷ್ಯರು, ಕನ್ನಡವೂ ಬರುತ್ತಿತ್ತು. ದಾರಿಯುದ್ದಕ್ಕೂ ನಾನು ನಮ್ಮ ಊರಿನ ಜನಕ್ಕೆ ರೇಡಿಯೋ ಪಾಠದಲ್ಲಿ ಎಷ್ಟು ಆಸಕ್ತಿಯೆಂದು ವರ್ಣಿಸಿದೆ. ಶಾಲೆ ಹತ್ತಿರವಾದಂತೆ ಗದ್ದಲ ಕೇಳಿಸಿತು.

"ಚಾಲಾ ಉತ್ಸಾಹ ಇದೆಯಲ್ಲಮ್ಮಾ!" ಎಂದರು ಅವರು.

ಅಂಗಳದಲ್ಲಿ ಐವತ್ತಮೂರು ಮಂದಿ ಇದ್ದರು. ನಡುವೆ ಬೆಂಚಿನ ಮೇಲೆ ರೇಡಿಯೋ, ಅದರ ಪಕ್ಕದಲ್ಲಿ ಇನ್ನೊಂದು ಬೆಂಚು ಹತ್ತಿ ಉರುಕುಂದಪ್ಪ. ಮುಂದೆ ಚಿನ್ನಪ್ಪ ರೆಡ್ಡಿ ಕೈ ಎತ್ತಿ ಕೂಗುತ್ತಿದ್ದ:

"ನಾ ಪಾಟ ಪದಿಹೇನು!"

"ರೆಡ್ಡಿಯವರ ಪಾಟ ಹದಿನೈದು!" ಎಂದ ಉರುಕುಂದಪ್ಪ. "ಹದಿನೈದು ಒಂದು ಸಾರಿ! ಹದಿನೈದು ಎರಡು ಸಾರಿ!"

"ಮಾರೋದು ಆಮ್ಯಾಲ! ಮೊದ್ಲು ಹಾಡ್ಸೋ!" ಎಂದು ಹೆಂಗಸರ ಗುಂಪಿನಿಂದ ಕೂಗು ಬಂತು. ಆ ದನಿ ನಮ್ಮ ಅವ್ವನದು.

ಶೇಷಪ್ಪನವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಓಡಿ ಹೋಗಿ, "ಸರ, ನೀವರ ತಡೀಬಾರದ್ರಿ?" ಎಂದೆ.

"ಮಂದಿ ಉತ್ಸಾಹ ಕೆಡಸಬಾರದು ನೋಡ್ರಿ" ಎಂದರು.

ಇನ್ಸ್‌ಪೆಕ್ಟರರ ಮುಖ ಕೆಂಪಾಗಿತ್ತು. "ಏಮಮ್ಮಾ ಇದು? ಸರ್ಕಾರಿ ಸೊತ್ತನ್ನು ವೇಲಂ ಹಾಕುತ್ತಿದ್ದೀರಾ?"

"ಇಲ್ಲ ಸರ್. ಒಂದು ಅಕ್ಷರದ ದೋಷ" ಎಂದೆ.

"ಮೂರು ಸಾ..." ಎಂದು ಬಾಯಿ ತೆರೆದ ಉರುಕುಂದಪ್ಪನನ್ನು ಬೆಂಚಿನಿಂದ ಇಳಿಸಿ ನಾನು ಹತ್ತಿದೆ. "ಇದು ಪಾಟ ಅಲ್ಲ, ಪಾಠ!" ಎಂದೆ.

"ಅದನ್ನ ನಾನೂ ಹೇಳಿದ್ದು. ಪಾಟ" ಎಂದ ಉರುಕುಂದಪ್ಪ.

"ಪಾಟ ಅಲ್ಲ. ಪಾಠ!"

"ಪಾಟ!" ಎಂದು ಐವತ್ತಮೂರು ಮಂದಿ ಒಪ್ಪಿದರು.

ನನ್ನ ಸಹನೆ ಮುಗಿಯಿತು. ಎದುರಿಗೆ ಇನ್ಸ್‌ಪೆಕ್ಟರರಿರಲಿ, ದೇವರೇ ಇರಲಿ! ಹಲಗೆಯನ್ನು ಹೊರಗೆ ತರಿಸಿ ಎರಡು ಪದಗಳನ್ನೂ ದಪ್ಪಗೆ ಬರೆದೆ. ಪ್ರತಿಯೊಬ್ಬರ ಅಂಗೈಯಲ್ಲೂ ಒಂದು ಚಿಟಿಕೆ ಸೀಮೆಸುಣ್ಣದ ಪುಡಿ ಹಾಕಿಸಿದೆ. "ಅಂಗೈ ಬಾಯಿ ಮುಂದ ಹಿಡೀರಿ. ಟ ಅಂದ್ರ ಪುಡಿ ಕದಲಬಾರದು. ಠ ಅಂದ್ರ ಪುಡಿ ಹಾರಬೇಕು. ಪುಡಿ ಹಾರಿದ್ರ ಪಾಠ, ಹಾರದಿದ್ರ ಪಾಟ. ಒಬ್ಬೊಬ್ಬರ ಬರ್ರಿ!"

ಮೊದಲು ಬಂದವನು ಚಿನ್ನಪ್ಪ ರೆಡ್ಡಿ. ಶೇಂಗಾ ತೂರುವವನ ಶ್ವಾಸ! "ಪಾಠ!" ಎಂದ. ಪುಡಿಯೆಲ್ಲ ಶೇಷಪ್ಪನವರ ಮೀಸೆಯ ಮೇಲೆ ಕುಳಿತಿತು. ಅವರ ಕಣ್ಣು ತೆರೆಯಿತು. ಹೆಂಗಸರಿಗೆ ಹುರುಪು ಬಂತು. ಅವ್ವ ಮೂರು ಸಲ ಸೋತು ನಾಲ್ಕನೇ ಸಲ ಗೆದ್ದಳು. "ಇಷ್ಟು ವರ್ಷ ಈ ಅಕ್ಷರ ಎಲ್ಲಿತ್ತೇ?" ಎಂದು ಪಕ್ಕದವಳನ್ನು ಕೇಳಿದಳು. ಉರುಕುಂದಪ್ಪ ಮಾತ್ರ ಪುಡಿಯನ್ನು ಮೊದಲು ಊದಿ ಆಮೇಲೆ "ಪಾಟ" ಎನ್ನುತ್ತಿದ್ದ. ಅವನನ್ನು ಬೇರೆ ನಿಲ್ಲಿಸಿ ಏಳು ಸಲ ಹೇಳಿಸಿದೆ. ಕೊನೆಯ ಲೆಕ್ಕ: ಐವತ್ತಮೂರರಲ್ಲಿ ನಲವತ್ತೊಂದು ಮಂದಿಗೆ ಠ ಬಂತು. ಅಂಗಳವೆಲ್ಲ ಹಿಟ್ಟಿನ ಗಿರಣಿಯಂತೆ ಬೆಳ್ಳಗಾಗಿತ್ತು.

ಆಗ ಇನ್ಸ್‌ಪೆಕ್ಟರರು ಗಡಿಯಾರ ನೋಡಿ ಕೆಮ್ಮಿದರು. ಮೂರು ಗಂಟೆಗೆ ಒಂದು ನಿಮಿಷ ಕಡಿಮೆ! ನಾನು ಹಾರಿ ಹೋಗಿ ರೇಡಿಯೋ ಹಚ್ಚಿದೆ. ಎಂದೂ ಬಾರದಷ್ಟು ಸ್ವಚ್ಛವಾಗಿ ದನಿ ಬಂತು:

"ಮಕ್ಕಳೇ, ಇಲ್ಲಿಗೆ ಇಂದಿನ ಪಾಠ ಮುಗಿಯಿತು."



"ಭಲೇ!" ಎಂದ ರೆಡ್ಡಿ. "ಅವನಿಗೂ ಠ ಬರತೈತಲ್ರಿ!"

ನನ್ನ ಏಳನೇ ಪಾಠ ಒಂದೇ ವಾಕ್ಯಕ್ಕೆ ಮುಗಿದಿತ್ತು. ಆದರೂ ನಾನು ತಲೆ ತಗ್ಗಿಸಲಿಲ್ಲ. "ಸರ್, ತಿಂಗಳೆಲ್ಲ ಕಲಿತದ್ದನ್ನು ಮಕ್ಕಳನ್ನೇ ಕೇಳಿ" ಎಂದೆ. ಅವರು ನಾಗಮ್ಮನನ್ನು ಕರೆದು, ಸಮುದ್ರದ ನೀರು ಏಕೆ ಏರಿ ಇಳಿಯುತ್ತದೆಂದು ಕೇಳಿದರು.

"ಅದನ್ನ ಚಂದ್ರ ಕಾಯ್ತಾನ್ರಿ" ಎಂದಳು ನಾಗಮ್ಮ. "ಅಂವ ಎಳಕೊಂಡು ಹೋದಂಗ ಬರತೈತ್ರಿ, ಬಿಟ್ಟಾಗ ತಿರುಗಿ ಹೋಗತೈತ್ರಿ."

ಇನ್ಸ್‌ಪೆಕ್ಟರರು ಬಹಳ ಹೊತ್ತು ನಕ್ಕರು. ಅವಳ ಬೆನ್ನು ತಟ್ಟಿದರು. ಹೋಗುವಾಗ ನನಗೆ ಕೈ ಮುಗಿದರು. ರೇಡಿಯೋ ಉಳಿಯಿತು ಎಂದುಕೊಂಡೆ. ದಿನಚರಿಯಲ್ಲಿ ಹಾಗೆಯೇ ಬರೆದೆ. ಅದರ ಕೆಳಗೆ ಗೆರೆ ಎಳೆಯುವಷ್ಟರಲ್ಲಿ ಮಸಿ ಮುಗಿಯಿತು. ಈಗ ಅನಿಸುತ್ತದೆ, ಮಸಿಗೆ ನನಗಿಂತ ಹೆಚ್ಚು ಬುದ್ಧಿ ಇತ್ತು.

ಆಗಸ್ಟ್ ಐದು, ಶುಕ್ರವಾರ, ವರದಿಯ ಪ್ರತಿ ಟಪಾಲಿನಲ್ಲಿ ಬಂತು. ಶೇಷಪ್ಪನವರು ಕನ್ನಡಕ ಏರಿಸಿ ಎಲ್ಲರಿಗೂ ಕೇಳಿಸುವಂತೆ ಓದಿದರು. ಅದರ ಸಾರಾಂಶ ಇಷ್ಟು: ಸದರಿ ಶಿಕ್ಷಕಿಯು ಯಾವ ಯಂತ್ರದ ನೆರವೂ ಇಲ್ಲದೆ, ಕೇವಲ ಸೀಮೆಸುಣ್ಣದ ಪುಡಿಯಿಂದ, ಅರ್ಧ ಗಂಟೆಯೊಳಗೆ, ನಲವತ್ತೊಂದು ಮಂದಿ ವಯಸ್ಕರಿಗೆ ಒಂದು ಕಠಿಣ ಅಕ್ಷರವನ್ನು ಕಲಿಸಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಇಂಥ ಶಿಕ್ಷಕಿ ಇರುವಲ್ಲಿ ರೇಡಿಯೋ ಅನಾವಶ್ಯಕ. ಆದ್ದರಿಂದ ಯಂತ್ರವನ್ನು ಬೋಧನೆ ದುರ್ಬಲವಾಗಿರುವ ಬೇರೊಂದು ಶಾಲೆಗೆ ವರ್ಗಾಯಿಸತಕ್ಕದ್ದು.

ಶೇಷಪ್ಪನವರು ಕಾಗದ ಮಡಿಚಿದರು. "ಟೀಚರಮ್ಮ, ನೀವು ಸ್ವಲ್ಪ ದಡ್ಡರಾಗಿದ್ದಿದ್ರ ರೇಡಿಯೋ ಉಳೀತಿತ್ತು ನೋಡ್ರಿ!"

ಸೋಮವಾರ ಬಂಡಿ ಬಂದು ಅದನ್ನು ಒಯ್ದಿತು. ಮಕ್ಕಳು ಕೂಡುರಸ್ತೆಯವರೆಗೂ ಹಿಂದೆ ಹೋದರು. ತಂತಿ ಮಾತ್ರ ಬೇವಿನ ಮರದಲ್ಲೇ ಉಳಿಯಿತು. ಮಧ್ಯಾಹ್ನಕ್ಕೆ ಅದರ ಮೇಲೆ ಸೀರೆ ಬಿತ್ತು.

ನಾನು ಸೋತೆ ಎಂದು ಯಾರೂ ಬರೆದುಕೊಳ್ಳಬೇಕಾಗಿಲ್ಲ. ಪುಸ್ತಕ ಬರಲಿಲ್ಲ, ಯಂತ್ರ ಹೋಯಿತು, ಸಮುದ್ರ ಹೋಗಬಾರದು. ಹಾಲಹರವಿಯಿಂದ ಐದನೇ ತರಗತಿಯ ತೆಲುಗು ಭೂಗೋಳವನ್ನು ಎರವಲು ತಂದೆ. ಬೆಳಗಿನ ಹೊತ್ತು ಕುಳಿತು ಪಾಠಗಳನ್ನು ಕನ್ನಡಕ್ಕೆ ಮಾಡಿದೆ. ಎದುರಿಗೆ ನಿಂತು ಓದಿದರೆ ಮಕ್ಕಳು ಕಿಟಕಿ ನೋಡುತ್ತಾರೆ. ಮುಖ ಕಾಣದ ದನಿಗೆ ಬಾಯಿ ತೆರೆದು ಕೂರುವ ಅಭ್ಯಾಸ ಅವರಿಗಾಗಿತ್ತು. ಹಾಗಾಗಿ ಆಗಸ್ಟ್ ಹದಿನಾರು, ಮಂಗಳವಾರ, ಎರಡೂವರೆಗೆ ನಾನು ಕರಿಹಲಗೆಯ ಹಿಂದೆ ಹೋಗಿ ನಿಂತು, "ಮಕ್ಕಳೇ, ಇಂದು ಮರುಭೂಮಿಯ ವಿಷಯ ತಿಳಿಯೋಣ" ಎಂದು ಗಂಡು ದನಿಯಲ್ಲಿ ಆರಂಭಿಸಿದೆ. ಹಲಗೆಯ ಕೆಳಗೆ ರೇಡಿಯೋದ ಎರಡು ಪಾದಗಳು ಎಲ್ಲರಿಗೂ ಕಾಣುತ್ತಿದ್ದವು. ಇಪ್ಪತ್ತೆರಡು ಮಂದಿಯೂ ಕೈ ಕಟ್ಟಿ ಕೇಳಿದರು.

ಹೀಗೆ ಆರು ಪ್ರಸಾರ ಆದವು. ಕೇಳುಗರು ಇಪ್ಪತ್ತೆರಡು. ಸೀರೆಯಿಂದ ಅಡಚಣೆ ಇಲ್ಲ, ನೀರು ಹಾಕುವ ಕೆಲಸವಿಲ್ಲ, ಬೇರೆ ಸ್ಟೇಷನ್ನು ನಡುವೆ ಬರುವುದಿಲ್ಲ. ಆರನೆಯದು ಮುಗಿದ ಮೇಲೆ ನಾನು ಹಲಗೆಯ ಹಿಂದಿನಿಂದ ಹೊರಗೆ ಬಂದು, ಬೆವರು ಒರೆಸಿಕೊಂಡು, ಗೆದ್ದವಳಂತೆ ಕೇಳಿದೆ:

"ಏನ್ರೋ, ಆ ರೇಡಿಯೋ ಚೊಲೋನೋ, ಈ ರೇಡಿಯೋ ಚೊಲೋನೋ?"

ನಾಗಮ್ಮ ಎದ್ದು ನಿಂತಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಟೀಚರಮ್ಮ. ಆ ರೇಡಿಯೋನ ಚೊಲೋ ಇತ್ರಿ. ಅದು ನಡುನಡುವ 'ಎಲ್ಲೀತನಕ ಹೇಳಿದ್ದೆ?' ಅಂತ ನಮ್ಮನ್ನ ಕೇಳ್ತಿರ್ಲಿಲ್ರಿ!"